ಗುಂಡಿ ಒತ್ತಿದರೆ ಬಿಚ್ಚುವ ಕೊಡೆ

ಜತ್ತಪ್ಪನಿಗೆ ಸಿಟ್ಟು ಬಂದು ಒಂಬತ್ತು ವರ್ಷವಾಗಿತ್ತು, ಇನ್ನೂ ಇಳಿದಿರಲಿಲ್ಲ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಪಕ್ಕ ಕೊಡೆ ರಿಪೇರಿ ಮಾಡುತ್ತಿದ್ದ ಅವನು, ಗುಂಡಿ ಒತ್ತಿದರೆ ತಾನಾಗಿ ಬಿಚ್ಚುವ ಕೊಡೆಯೊಂದನ್ನು ಸ್ವಂತ ತಲೆ ಓಡಿಸಿ ಮಾಡಿದ್ದ. ಸ್ಪ್ರಿಂಗ್ ಸುತ್ತುವ ಯಂತ್ರವೊಂದನ್ನು ಜಪಾನಿನಿಂದ ತರಿಸಿದರೆ ಹತ್ತು ಜನಕ್ಕೆ ಕೆಲಸ ಕೊಡಬಹುದಿತ್ತು. ಆಮದು ಪರವಾನಗಿಗೆ ಹಾಕಿದ ಅರ್ಜಿ ದಿಲ್ಲಿಯವರೆಗೆ ಹೋಗಿ, ‘ಅಗತ್ಯವಿಲ್ಲ’ ಎಂಬ ಮೊಹರು ಹೊತ್ತು ೧೯೭೪ರಲ್ಲಿ ಹಿಂದೆ ಬಂತು. ಸರಿ, ಕೈಯಲ್ಲೇ ಸುತ್ತಿ ಮಾಡಿದರೆ ಗಿರಾಕಿಗಳು ಮೂಸಿಯೂ ನೋಡಲಿಲ್ಲ.

“ಇದು ನೀನು ಮಾಡಿದ್ದಾ? ಹಾಗಾದರೆ ಬೇಡ ಮಾರಾಯ. ಗಲ್ಫಿನದ್ದು ಉಂಟಾ?” ಎಂದು ಪರಮೇಶ್ವರ ಮಾಸ್ಟ್ರು ಕೇಳಿದ ದಿನ ಅವನು ನಿಶ್ಚಯಿಸಿದ. ಹಿತ್ತಲ ಗಿಡ ಮದ್ದಲ್ಲವಂತೆ. ಹಿತ್ತಲಿನದೆಂದು ಹೇಳುವುದೇ ಬೇಡ.

ಹಿಡಿಯ ಮೇಲೆ ‘ಮೇಡ್ ಇನ್ ಜಪಾನ್’ ಒತ್ತಲು ಹಿತ್ತಾಳೆಯ ಅಚ್ಚು ಕೊರೆದ. ಗುರುತಿನವರಿರುವ ಊರಲ್ಲಿ ಒಂದನ್ನೂ ಮಾರಬಾರದು. ಬಂಟ್ವಾಳ, ಬೆಳ್ತಂಗಡಿಯೇ ಸರಿ. ಬಟ್ಟೆಯನ್ನು ಏಳು ಅಂಗಡಿಗಳಲ್ಲಿ ಸ್ವಲ್ಪ ಸ್ವಲ್ಪವೇ ಕೊಂಡ, ಎಲ್ಲಿಯೂ ಬಿಲ್ಲು ಕೇಳಲಿಲ್ಲ. ಅರುವತ್ತು ಕೊಡೆ ಮುಗಿದದ್ದೇ ತಡ, ಅಚ್ಚನ್ನು ಕರಗಿಸಿದ, ಸ್ಪ್ರಿಂಗ್ ಸುತ್ತುವ ಮರದ ರಾಟೆಯನ್ನು ಒಡೆದು ಬಚ್ಚಲೊಲೆಗೆ ಹಾಕಿದ.

“ಸಿಕ್ಕಿಬಿದ್ದರೆ?” ಎಂದಳು ಹೆಂಡತಿ ಸೇಸಮ್ಮ.

“ನಕಲಿ ಅಂತ ಹೇಳ್ಲಿಕ್ಕೆ ಸಾಕ್ಷಿ ಎಲ್ಲುಂಟು? ಬ್ರಹ್ಮ ಬಂದರೂ ಇದು ನನ್ನ ಕೈಕೆಲಸ ಅಂತ ತೋರಿಸ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ.”

ಬಂಟ್ವಾಳದಲ್ಲಿ ಮೂರು ಪಟ್ಟು ಬೆಲೆಗೆ ಕೊಡೆಗಳು ಬಿಸಿ ದೋಸೆಯಂತೆ ಖರ್ಚಾದವು. “ಜಪಾನಿನವರ ತಲೆಯೇ ತಲೆ!” ಎಂದು ಜನ ಹೊಗಳಿದಾಗ ಅವನಿಗೆ ಹೊಟ್ಟೆ ಉರಿಯಿತು. ಹೊಗಳಿಕೆಯೂ ತನ್ನದೇ, ಆದರೆ ತನ್ನದೆನ್ನುವಂತಿಲ್ಲ.

ಬೆಳ್ತಂಗಡಿಯಲ್ಲಿ ಇಬ್ಬರು ಬಂದು ನಿಂತರು. ಹಿರಿಯವನು ಗುಂಡಿ ಒತ್ತಿದ, ಹಿಡಿಯ ಅಕ್ಷರ ಓದಿದ, ಕಡ್ಡಿಗಳ ಮೇಲೆ ಬೆರಳಾಡಿಸಿದ. “ಒರಿಜಿನಲ್,” ಎಂದ. ಜತ್ತಪ್ಪನಿಗೆ ಜೀವ ಬಂದಂತಾಯಿತು. ಆತ ಕಿಸೆಯಿಂದ ಗುರುತಿನ ಚೀಟಿ ತೆಗೆದ. “ನಾವು ಕಸ್ಟಮ್ಸಿನವರು. ಸುಂಕ ಕಟ್ಟಿದ ರಸೀದಿ ಉಂಟಾ?” ನಕಲಿಯೆಂದು ಗೊತ್ತಾದರೆ ಏನು ಮಾಡಬೇಕೆಂದು ತಿಂಗಳುಗಟ್ಟಲೆ ಯೋಚಿಸಿದವನು, ಅಸಲಿಯೆಂದೇ ನಂಬಿಬಿಟ್ಟರೆ ಏನೆಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಸುಂಕ ಕಟ್ಟದ ಪರದೇಶದ ಮಾಲು ಇಟ್ಟುಕೊಂಡವನಿಗೆ ಜೈಲೇ ಗತಿ. “ಸ್ವಾಮೀ, ನನ್ನಾಣೆ, ಇದೆಲ್ಲ ನಾನೇ ಮಾಡಿದ್ದು!” ಎಂದು ಕೂಗಿದ. ಅಧಿಕಾರಿ ಕೊಡೆಯನ್ನು ಇನ್ನೊಮ್ಮೆ ಬಿಚ್ಚಿ ನೋಡಿ ನಕ್ಕ. “ಇಂಥದ್ದನ್ನು ಇಲ್ಲಿ ಮಾಡ್ಲಿಕ್ಕೆ ಆಗ್ತದಾ ಮಾರಾಯ? ಜೀಪು ಹತ್ತು.”