ನೂಲಿನ ತುದಿ

“ಮೇಷ್ಟ್ರೇ, ಒಂದ್ ಮಾತು. ದಡದ ಕೊನೇ ಶೆಡ್ಡಲ್ಲಿ ಒಬ್ಳು ಅಜ್ಜಿ ಬಲೆ ಹೆಣೀತಿರ್ತಾಳೆ. ನೂಲಿನ ತುದಿ ಹಿಡ್ಕೋ ಅಂದ್ರೆ ಹಿಡೀಬೇಡಿ. ಮನೆಯವ್ರ ವಿಷಯ ಕೇಳಿದ್ರೆ ಬಾಯಿ ಬಿಡ್ಬೇಡಿ.”

ದ್ವೀಪಕ್ಕೆ ಕರೆದೊಯ್ಯುತ್ತಿದ್ದ ದೋಣಿಯವನ ಮಾತಿಗೆ ಮೇಷ್ಟ್ರು ನಕ್ಕುಬಿಟ್ಟರು. ಹದಿನೆಂಟು ವರ್ಷ ವಿಜ್ಞಾನ ಕಲಿಸಿದ ಮನುಷ್ಯ. ದೆವ್ವಗಳಿಗೇ ಪಾಠ ಹೇಳಿ ಪಾಸು ಮಾಡಿಸುವ ಪೈಕಿ. ಹೆಂಡತಿ ಮಾತ್ರ ನಗದೆ ಕಾರಣ ಕೇಳಿದಳು. ಹಿಂದೊಂದು ಬಿರುಗಾಳಿಯ ದಿನ ಅಜ್ಜಿಯ ಗಂಡ, ಮಕ್ಕಳಿದ್ದ ದೋಣಿ ಬಂಡೆಗೆ ಸಿಕ್ಕಿತ್ತಂತೆ. ದಡದಲ್ಲಿ ಹಗ್ಗ ಹಿಡಿದಿದ್ದವರು ಹೆದರಿ ಕೈಬಿಟ್ಟರಂತೆ. ತನಗಿಲ್ಲದ ಮನೆಮಂದಿ ಇನ್ನು ಯಾರಿಗೂ ಬೇಡವೆಂದು ಅವಳು ಅಂದಿನಿಂದ ಮಾಟದ ಬಲೆ ಹೆಣೆಯುತ್ತಿದ್ದಾಳಂತೆ.

ಅಂತೆ ಕಂತೆಗಳ ಸಂತೆ ಎಂದು ಮೇಷ್ಟ್ರು ಅದನ್ನು ಅಲ್ಲಿಗೇ ಮರೆತರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಗಂಡ ಹೆಂಡತಿ ಇಬ್ಬರೇ ಹೊರಟ ಮೊದಲ ಪ್ರವಾಸವಿದು. ದ್ವೀಪದ ಆ ಪುಟ್ಟ ಹಳ್ಳಿಯಲ್ಲಿ ಒಂದು ವಾರ ಹಕ್ಕಿ ನೋಡಿದರು, ಮರಳಲ್ಲಿ ನಡೆದರು, ಹಳೆಯ ಜಗಳಗಳನ್ನು ನೆನೆದು ನಕ್ಕರು. ಅವಳು ಇಷ್ಟು ನಗುತ್ತಾಳೆಂಬುದೇ ಅವರಿಗೆ ಮರೆತುಹೋಗಿತ್ತು.

ಹೊರಡುವ ದಿನ ದೋಣಿ ನಾಲ್ಕಕ್ಕೆ. ಅದು ತಪ್ಪಿದರೆ ಇನ್ನೊಂದು ವಾರ ದೋಣಿಯಿಲ್ಲ. ಹೆಂಡತಿ ಬ್ಯಾಗು ಹಿಡಿದು ದೋಣಿಕಟ್ಟೆಗೆ ಹೋದಳು. ಐದು ನಿಮಿಷದಲ್ಲಿ ಬಂದೆ ಎಂದು ಮೇಷ್ಟ್ರು ಕೊನೆಯ ಶೆಡ್ಡಿನ ಕಡೆ ನಡೆದರು. ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳಲು ಒಂದು ಕತೆ ಬೇಕಿತ್ತು, ಅಷ್ಟೆ.

ಒಳಗೆ ಹಗಲಲ್ಲೂ ಕತ್ತಲು. ಡಾಂಬರು, ಕೊಳೆತ ಮೀನು, ಒದ್ದೆ ನಾರಿನ ವಾಸನೆ ಗಂಟಲಿಗೇ ಇಳಿಯುತ್ತಿತ್ತು. ಮರದ ಸೂಜಿ ಟಕ್ ಟಕ್ ಎನ್ನುತ್ತಿತ್ತು. ಬಲೆ ಮಾಡಿನಿಂದ ನೆಲದವರೆಗೆ ಇಳಿಬಿದ್ದಿತ್ತು. ಅದರ ಹಿಂದೆ ಅಜ್ಜಿ ಕೂತಿದ್ದಳು.

“ಮಗಾ, ಕೈ ಸೋತಿದೆ. ಒಂದ್ ಗಳಿಗೆ ಈ ತುದಿ ಹಿಡ್ಕೋ.”

ಮುದುಕಿಗೆ ನೆರವಾಗಬೇಡವೆಂದು ಯಾವ ವಿಜ್ಞಾನ ಹೇಳುತ್ತದೆ? ಮೇಷ್ಟ್ರು ಹಿಡಿದರು. ನೂಲು ತಣ್ಣಗಿತ್ತು. ತಾಯಿ ಇದ್ದಾರಾ ಎಂದು ಅಜ್ಜಿ ಕೇಳಿದಳು. ಇದ್ದಾರೆ ಎಂದರು. ಒಂದು ಗಂಟು ಬಿತ್ತು. ತಂಗಿ? ಇದ್ದಾಳೆ. ಇನ್ನೊಂದು ಗಂಟು. ಬಿಡೋಣವೆಂದರೆ ಮುಷ್ಟಿ ಬಿಚ್ಚಲಿಲ್ಲ. ಬೆರಳು ತಮ್ಮದೇ, ಮಾತು ಮಾತ್ರ ಕೇಳುತ್ತಿಲ್ಲ.

“ಹೆಂಡತಿ?”

ಹಲ್ಲು ಕಚ್ಚಿದರು. ನೂಲು ಚರ್ಮ ಸೀಳಿತು. ಬಾಯಿ ತಾನಾಗಿ ತೆರೆಯಿತು. ಇದ್ದಾಳೆ ಎಂದಿತು. ಸೂಜಿ ಆಡಿತು. ಗಂಟು ಬಿಗಿಯಿತು. ಎದೆಯೊಳಗೆ ಏನೋ ಕಿತ್ತುಬಂತು. ಆಗ ಮುಷ್ಟಿ ಬಿಚ್ಚಿತು.

ಮೇಷ್ಟ್ರು ಓಡಿದರು. ಮರಳಲ್ಲಿ ಬಿದ್ದರು. ಎದ್ದರು. ಮತ್ತೆ ಓಡಿದರು. ದೋಣಿ ಇನ್ನೂ ಇತ್ತು. ಹೆಂಡತಿ ಬೆಂಚಿನ ಮೇಲೆ ಬ್ಯಾಗು ಹಿಡಿದು ಕೂತಿದ್ದಳು. ಬದುಕಿದೆ ಎಂದುಕೊಂಡು ಅವಳ ಕೈ ಹಿಡಿದೆಳೆದರು. ಅವಳು ಬೆಚ್ಚಿ ಕೈ ಕಿತ್ತುಕೊಂಡಳು.

“ಯಾರ್ರೀ ನೀವು? ಮೈ ಮೇಲೆ ಪ್ರಜ್ಞೆ ಇಲ್ವಾ?”

ಮೇಷ್ಟ್ರು ಮದುವೆಯ ದಿನ ಹೇಳಿದರು, ಮಂಚದ ಪಕ್ಕದ ಗೋಡೆಯ ಬಿರುಕು ಹೇಳಿದರು, ನಿನ್ನೆಯ ನಗು ಹೇಳಿದರು. ಅವಳು ಹೆದರಿ ದೋಣಿಯವನ ಹಿಂದೆ ನಿಂತಳು. ಇವರೇ ನಿಮ್ಮ ಯಜಮಾನರು, ಇಬ್ಬರನ್ನೂ ನಾನೇ ಕರೆತಂದದ್ದು ಎಂದು ಅವನು ಆಣೆ ಮಾಡಿದರೂ ನಂಬಲಿಲ್ಲ. ಮೇಷ್ಟ್ರ ಸೀಳಿದ ಅಂಗೈ ನೋಡಿದ ಮೇಲೆ ಇದು ಅಜ್ಜಿಯ ಕೆಲಸವೆಂದು ಅವನಿಗೆ ತಿಳಿಯಿತು. ಇನ್ನು ಕಾದರೆ ನೀರಿಳಿದು ಅಳಿವೆ ದಾಟಲಾಗದೆಂದು, ಇಬ್ಬರನ್ನೂ ಒಮ್ಮೆ ಕೊನೆಯದಾಗಿ ಕರೆದ.

“ನಮ್ಮೆಜಮಾನ್ರು ಐದ್ ನಿಮಿಷದಲ್ಲಿ ಬರ್ತೀನಿ ಅಂದಿದಾರೆ,” ಎಂದಳು ಅವಳು. “ಅವ್ರು ಬರೋತನಕ ನಾನ್ ಈ ಜಾಗ ಬಿಟ್ಟು ಕದಲಲ್ಲ.”

ದೋಣಿ ಹೊರಟಿತು. ಮೇಷ್ಟ್ರು ಹತ್ತಲಿಲ್ಲ, ಅವಳನ್ನು ಬಿಟ್ಟು ಎಲ್ಲಿಗೆ ಹೋಗುವುದು? ನಿಂತಲ್ಲೇ ಕುಸಿದು ಅತ್ತರು. ಬಹಳ ಹೊತ್ತಾದ ಮೇಲೆ ಅವಳಿಗೇ ಕರುಣೆ ಬಂತೇನೋ, ಬ್ಯಾಗು ಸರಿಸಿ ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು.

“ಕೂತ್ಕೊಳ್ಳಿ. ನೀವೂ ಯಾರಿಗಾದ್ರೂ ಕಾಯ್ತಿದೀರಾ?”

“ಹೂಂ,” ಎಂದರು ಮೇಷ್ಟ್ರು. “ನನ್ ಹೆಂಡ್ತಿಗೆ.”