ಆವರಣದೊಳಗಿನ ಎಂಟು

ನವೆಂಬರ್ ಇಪ್ಪತ್ತರ ಬುಧವಾರ ಬೆಳಿಗ್ಗೆ ಜಪಾನಿನ ಹಮಾಮಾತ್ಸು ನಗರದ ಠಾಣೆಯೊಂದಕ್ಕೆ ದೂರು ಬಂತು. ತಂದವರು ಕಾಗೆಯಾಮ. ಕಂಪ್ಯೂಟರಿನಲ್ಲಿ ಸ್ವರಲಿಪಿ ಬರೆಯುವ ತಂತ್ರಾಂಶ ತಯಾರಿಸುವ ತ್ಸುಬೊಮಿ ಸಂಸ್ಥೆಯ ವ್ಯವಸ್ಥಾಪಕರು. ಕಳುವಾದದ್ದು ಏನೂ ಇರಲಿಲ್ಲ. ಅವರು ತಂತ್ರಾಂಶದ ಕೈಪಿಡಿಯಿಂದ ತೆಗೆದುಹಾಕಿದ್ದ ಒಂದು ಪುಟವನ್ನು ಯಾರೋ ಮತ್ತೆ ಮತ್ತೆ ತಂದಿಡುತ್ತಿದ್ದರು.

"ತಂದಿಡ್ತಾರಾ? ಕದಿಯಲ್ವಾ?" ಇನ್ಸ್‌ಪೆಕ್ಟರ್ ನಾಗುಮೊ ಕೇಳಿದರು.

"ಕದ್ದಿದ್ರೇ ವಾಸಿಯಾಗ್ತಿತ್ತು ಸಾರ್." ಕಾಗೆಯಾಮ ಕಾಗದದ ಮೇಲೆ ಒಂದು ಚಿಹ್ನೆ ಬರೆದು ತೋರಿಸಿದರು. "ಇದು ಕ್ಲೆಫ್. ಸಾಲಿನ ಮೊದಲಲ್ಲೇ ಇರುತ್ತೆ. ಯಾವ ಗೆರೆ ಯಾವ ಸ್ವರ ಅಂತ ಇದೇ ಹೇಳೋದು. ಕೆಳಗೆ ಪುಟ್ಟ ಎಂಟಿದ್ರೆ ಒಂದು ಸ್ಥಾಯಿ ಕೆಳಗೆ ಹಾಡಬೇಕು. ಗಂಡಸರ ದನಿ."

"ಎಂಟರ ಸುತ್ತ ಆವರಣ ಹಾಕಿದ್ದೀರಲ್ಲ?"

"ಅದೇ ತಲೆನೋವು. ಹಾಗಿದ್ರೆ ಕೆಳಗೂ ಹಾಡಬಹುದು, ಬರೆದ ಸ್ಥಾಯೀಲೂ ಹಾಡಬಹುದು. ಮನುಷ್ಯರಿಗೇನೋ ಸರಿ. ನಮ್ಮ ತಂತ್ರಾಂಶ ನುಡಿಸೋಕೆ ಹೋದ್ರೆ ಎಲ್ಲಿ ನುಡಿಸಬೇಕು ಅಂತ ಗೊತ್ತಾಗಲ್ಲ. ಅದಕ್ಕೇ ಹೊಸ ಆವೃತ್ತಿಯಿಂದ ತೆಗೆದ್ವಿ. ಕೈಪಿಡಿಯ ಪುಟಾನೂ ತೆಗೆದ್ವಿ. ಮೂರು ವಾರದಿಂದ ಪ್ರತಿ ಮಂಗಳವಾರ ಅದು ಅಂತರ್ಜಾಲದ ಕೈಪಿಡಿಗೆ ವಾಪಸ್ ಬರ್ತಿದೆ. ನಿನ್ನೆ ಹಾಗೇ ಅಚ್ಚಿಗೂ ಹೋಯ್ತು. ಶಾಲೆಗಳಿಗೆ ಹೋಗಬೇಕಾದ ಪುಸ್ತಕ ಪೂರ್ತಿ ದಂಡ."

ಪೇದೆ ಇನುಕಾಯ್ ಸಾಯೊ ಪೆನ್ನು ಎತ್ತಿದಳು. "ಸಾರ್, ಎಫ್‌ಐಆರ್‌ನಲ್ಲಿ ಏನ್ ಬರೀಲಿ? ಎಂಟನ್ನ ಅಕ್ರಮವಾಗಿ ಕೂಡಿಹಾಕಿದ್ದಾರೆ ಅಂತಲಾ?"

"ಕಂಪ್ಯೂಟರಿಗೆ ಅನಧಿಕೃತ ಪ್ರವೇಶ ಅಂತ ಬರಿಯಮ್ಮ."

ಕಾಗೆಯಾಮ ಎದ್ದು ನಿಂತು ದನಿ ತಗ್ಗಿಸಿದರು. "ಯಾರು ಅಂತ ನಮಗೆ ಗೊತ್ತಿದೆ. ಕೈಪಿಡಿ ಬರೆಯೋ ಕುರೊಬೆ ಚಿಹಾರು. ಬದಲಾವಣೆ ಆಗಿರೋದು ಅವಳ ಕಂಪ್ಯೂಟರಿನಿಂದಲೇ. ಶುಕ್ರವಾರ ಅವಳನ್ನ ಕೆಲಸದಿಂದ ತೆಗೀತೀವಿ. ನಿಮ್ಮ ವರದಿ ಒಂದಿದ್ರೆ ಸಾಕು."

"ವರದಿ ಕೊನೆಗೆ ಬರೋದು," ಎಂದರು ನಾಗುಮೊ.

ಅಂದೇ ಮಧ್ಯಾಹ್ನ ಸಂಸ್ಥೆಯಲ್ಲಿ ಪಂಚನಾಮೆ ನಡೆಯಿತು. ಕಂಪ್ಯೂಟರಿನ ದಾಖಲೆಯ ಪ್ರಕಾರ ಮೂರು ಬಾರಿಯೂ ಪುಟ ಮರಳಿದ್ದು ಬೆಳಗಿನ ವ್ಯಾಯಾಮದ ಹೊತ್ತಿನಲ್ಲಿ. ಆಗ ಸಿಬ್ಬಂದಿಯೆಲ್ಲ ಹಿತ್ತಲಿನ ಅಂಗಳದಲ್ಲಿರುತ್ತಾರೆ. ಬೇರೆ ಕಡೆ ಈ ವ್ಯಾಯಾಮಕ್ಕೆ ರೇಡಿಯೊದಲ್ಲಿ ಬರುವ ಸಂಗೀತ ಹಚ್ಚುತ್ತಾರೆ. ಇದು ಸಂಗೀತದವರ ಸಂಸ್ಥೆಯಾದ್ದರಿಂದ, ತಂತ್ರಾಂಶ ಪರೀಕ್ಷಕ ಒಗಿನೊ ತೆತ್ಸುಯ ಮುಂಬಾಗಿಲ ಹಜಾರದಲ್ಲಿ ಕೂತು ಪಿಯಾನೊ ನುಡಿಸುತ್ತಾನೆ, ಧ್ವನಿವರ್ಧಕದಲ್ಲಿ ಅದು ಅಂಗಳಕ್ಕೆ ಕೇಳುತ್ತದೆ. ಕಟ್ಟಡದೊಳಗೆ ಉಳಿಯುವವರು ಅವನು ಮತ್ತು ಚಿಹಾರು, ಇಬ್ಬರೇ. ಅವನ ಪಿಯಾನೊವನ್ನು ಎಲ್ಲರೂ ಕೇಳಿದ್ದರು. ಚಿಹಾರುವನ್ನು ಯಾರೂ ನೋಡಿರಲಿಲ್ಲ.

ಚಿಹಾರುವಿಗೆ ಮೂವತ್ತರ ಆಸುಪಾಸು. ಮೇಜಿನ ಮೇಲಿನ ಸಾಮಾನನ್ನು ಆಗಲೇ ಅರ್ಧ ಪೆಟ್ಟಿಗೆಗೆ ತುಂಬಿದ್ದಳು.

"ಆ ಹೊತ್ತಲ್ಲಿ ಎಲ್ಲಿದ್ರಿ?" ನಾಗುಮೊ ಕೇಳಿದರು.

"ಅಡುಗೆಮನೇಲಿ. ಎಲ್ಲರಿಗೂ ಚಹಾಕ್ಕೆ ನೀರು ಕಾಯಿಸ್ತೀನಿ."

"ಅದು ನಿಮ್ಮ ಕೆಲಸಾನಾ?"

"ಅಲ್ಲ, ತೊಯೊಕೊ ಅವರದ್ದು. ಅವರಿಗೆ ಸೊಂಟ ನೋವು, ವ್ಯಾಯಾಮ ಮಾಡಿದ್ರೆ ಒಳ್ಳೇದು. ಅದಕ್ಕೇ ನಾನು."

"ಕಂಪ್ಯೂಟರ್ ತೆರೆದಿಟ್ಟು ಹೋಗ್ತೀರಾ?"

"ಹೌದು. ತಪ್ಪು ನನ್ನದೇ."

"ಆ ಪುಟ ತೆಗೀಬಾರದು ಅಂತ ಸಭೇಲಿ ವಾದ ಮಾಡಿದ್ರಂತೆ."

"ಮಾಡಿದ್ದೆ. ಅದು ಬರೆದವರ ತಪ್ಪಲ್ಲ ಸಾರ್, ಹಾಡೋರಿಗೆ ಬಿಟ್ಟುಕೊಟ್ಟ ಜಾಗ. ಅಷ್ಟೇ ಹೇಳಿದ್ದು. ಆಮೇಲೆ ತೆಗಿ ಅಂದ್ರು, ನಾನೇ ತೆಗೆದೆ."

ತೊಯೊಕೊ ಎಪ್ಪತ್ತು ದಾಟಿದ ಹೆಂಗಸು. ಗುಡಿಸುವುದು, ಚಹಾ ಕೊಡುವುದು ಅವರ ಕೆಲಸ. ಇನುಕಾಯ್ ಅಡುಗೆಮನೆಗೆ ಹೋಗಿ, "ಅಜ್ಜಿ, ಸ್ವಲ್ಪ ಮಾತಾಡಬೇಕಿತ್ತು," ಎಂದಳು.

"ಅಜ್ಜಿ ಅಂದ್ರೆ ಬರೀ ನೀರು. ಅಕ್ಕ ಅಂದ್ರೆ ಚಹಾ."

"ಅಕ್ಕ, ಸೊಂಟ ಹೇಗಿದೆ?"

"ಇವತ್ತು ಪರವಾಗಿಲ್ಲ. ಮಂಗಳವಾರ ಬಂತು ಅಂದ್ರೆ ಹಿಡ್ಕೊಳ್ಳುತ್ತೆ ನೋಡು. ಮೂರು ವಾರದಿಂದ ಹೀಗೇ. ನಿನ್ನೆ ಸೊಂಟಕ್ಕೆ ಅಂಟಿಸೋ ಔಷಧದ ಪಟ್ಟಿ ತರೋಕೆ ಹೋದ್ರೆ ಅಂಗಡಿಯವನು ಕೇಳ್ತಾನೆ, 'ಮಂಗಳವಾರ ಮಂಗಳವಾರ ಕುಸ್ತಿ ಆಡ್ತೀರಾ?' ಅಂತ."

ಇನುಕಾಯ್ ನಗಲಿಲ್ಲ. ಕಪ್ಪನ್ನು ಹಾಗೇ ಹಿಡಿದುಕೊಂಡು ಇನ್ಸ್‌ಪೆಕ್ಟರನ್ನು ಹುಡುಕಿಕೊಂಡು ಹೋದಳು.

ಗುರುವಾರ ಬೆಳಿಗ್ಗೆ ನಾಗುಮೊ ಕೋಟು ಬಿಚ್ಚಿ ತೊಯೊಕೊ ಅವರ ಪಕ್ಕದಲ್ಲಿ ವ್ಯಾಯಾಮಕ್ಕೆ ನಿಂತರು. ಇನುಕಾಯ್ ಹಿಂದಿನ ಸಾಲಿನಲ್ಲಿದ್ದಳು. ತೋಳು ಬೀಸುವುದು, ಕಾಲು ಬಗ್ಗಿಸುವುದು, ಎದೆ ಅಗಲಿಸುವುದು. ಎಳೆತನದಿಂದ ಕೇಳಿದ ಆ ಲಯ ನಾಗುಮೊ ಅವರ ಮೈಗೆ ಬಾಯಿಪಾಠವಾಗಿತ್ತು. ಪಕ್ಕಕ್ಕೆ ಬಾಗುವ ಘಟ್ಟ ಬಂದಾಗ ನಾಗುಮೊ ಲಯಕ್ಕಿಂತ ಮೊದಲೇ ಬಾಗಿಬಿಟ್ಟರು. ಪಿಯಾನೊ ಅಲ್ಲಿ ನಿಧಾನವಾಗಿತ್ತು. ತೊಯೊಕೊ ಮೆಲ್ಲಗೆ ಬಾಗಿ, ಮೆಲ್ಲಗೆ ಎದ್ದು ನಿಂತ ಮೇಲೆಯೇ ಅದು ಮುಂದಕ್ಕೆ ಹೊರಟಿತು.

"ಯಾಕ್ರೀ ಅವಸರ?" ಎಂದರು ತೊಯೊಕೊ. "ಒಗಿನೊ ಕಾಯ್ತಾನೆ. ನಾನು ಬಂದ ವರ್ಷದಿಂದ ಕಾಯ್ತಾನೆ. ಹಜಾರದಿಂದ ನಾನು ಕಾಣೋದೂ ಇಲ್ಲ, ಅಂದಾಜಲ್ಲೇ."

"ಮಂಗಳವಾರ?"

ತೊಯೊಕೊ ಸ್ವಲ್ಪ ಯೋಚಿಸಿದರು. "ಮಂಗಳವಾರ ಕಾಯಲಿಲ್ಲ. ಏನೋ ಬೇಜಾರಲ್ಲಿದ್ದಾನೆ ಅಂದ್ಕೊಂಡೆ." ಆಮೇಲೆ ಅವರ ಮುಖ ಇಳಿಯಿತು. "ನಾನು ಏನಾದ್ರೂ ಹೇಳಬಾರದ್ದು ಹೇಳಿಬಿಟ್ನಾ?"

"ಇಲ್ಲ ಅಕ್ಕ. ಒಬ್ಬರ ಕೆಲಸ ಉಳೀತು," ಎಂದಳು ಇನುಕಾಯ್.

ಹಜಾರದ ಪಿಯಾನೊದ ಹಿಂದೆ, ಧ್ವನಿವರ್ಧಕದಿಂದ ಒಗಿನೊನ ಕಂಪ್ಯೂಟರಿಗೆ ಎಳೆದ ತಂತಿ ಸಿಕ್ಕಿತು. ಕೈಪಿಡಿಯ ಕೋಣೆ ಅಲ್ಲಿಂದ ಎರಡು ಬಾಗಿಲು ಆಚೆ. ನಾಗುಮೊ ಒಗಿನೊನನ್ನು ಅಲ್ಲೇ ಪಿಯಾನೊದ ಮುಂದಿನ ಪೀಠದ ಮೇಲೆ ಕೂರಿಸಿ ವಿಚಾರಣೆ ಮಾಡಿದರು. ಐವತ್ತರ ಹತ್ತಿರದ, ಬಗ್ಗಿದ ಹೆಗಲಿನ ಮನುಷ್ಯ.

"ಮೂರು ಮಂಗಳವಾರ ಪಿಯಾನೊ ನುಡಿಸಿದ್ದು ನೀವಾ?"

"ಹೌದು."

"ಬಾಗೋ ಜಾಗದಲ್ಲಿ ಯಾಕೆ ಕಾಯಲಿಲ್ಲ?"

ಒಗಿನೊ ತಲೆ ಎತ್ತಿದ. ನಂತರ ಕೇಳಿದ, "ತೊಯೊಕೊ ಅವರಿಗೆ ನೋವಾಯ್ತಾ?"

"ಔಷಧದ ಪಟ್ಟಿ ಹಾಕ್ಕೊಂಡಿದ್ದಾರೆ."

"ನಮ್ಮ ತಂತ್ರಾಂಶದಲ್ಲೇ ಬರೆದು ನುಡಿಸಿದ್ದೆ. ಅಲ್ಲಿ ಕಾಯಬೇಕು ಅಂತ ಬರೆಯೋದು ಮರೆತುಹೋಯ್ತು. ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ."

"ಆ ಹೊತ್ತಲ್ಲಿ ಪುಟ ತಂದಿಟ್ರಿ."

"ತಂದಿಟ್ಟೆ."

"ಬೇರೆಯವರ ಕೆಲಸ ಹೋಗ್ತಿತ್ತು. ಗೊತ್ತಿತ್ತಾ?"

"ನಿನ್ನೆ ಸಂಜೆ ಗೊತ್ತಾಯ್ತು. ಚಿಹಾರು ಪೆಟ್ಟಿಗೆ ಕಟ್ತಿದ್ಲು. ಇವತ್ತು ನಾನೇ ಠಾಣೆಗೆ ಬರಬೇಕು ಅಂತಿದ್ದೆ." ಆಮೇಲೆ ತಾನೇ ತಿದ್ದಿ, "ಅಂತಿದ್ದೆ ಅಷ್ಟೇ. ಬಂದಿರಲಿಲ್ಲ," ಎಂದ.

ಹೊರಗೆ ಕಾಗೆಯಾಮ ಕಾಯುತ್ತಿದ್ದರು. "ಒಗಿನೊನಾ? ಅವನು ಇರುವೆನೂ ತುಳಿಯೋನಲ್ಲ!"

"ಕುರೊಬೆ ಅವರ ಹತ್ತಿರ ನೀವೊಂದು ಮಾತು ಆಡಬೇಕು," ಎಂದರು ನಾಗುಮೊ. ಕಾಗೆಯಾಮ ಒಳಗೆ ಹೋಗಿ ಚಿಹಾರುವಿನ ಮುಂದೆ ಬಹಳ ಹೊತ್ತು ತಲೆಬಾಗಿ ನಿಂತರು. ಒಗಿನೊನನ್ನು ಬಂಧಿಸಲಾಯಿತು. ಕೈಕೋಳ ತೊಡಿಸಿದಾಗ ಇನುಕಾಯ್ ತನ್ನ ಮಫ್ಲರನ್ನು ಅದರ ಮೇಲೆ ಹೊದಿಸಿದಳು. ಅಡುಗೆಮನೆಯ ಬಾಗಿಲಲ್ಲಿ ತೊಯೊಕೊ ನಿಂತಿದ್ದರು.

ಸಂಜೆ ಠಾಣೆಯ ಮುಂಬಾಗಿಲಿನಿಂದ, "ಸ್ವಲ್ಪ ತೊಂದರೆ ಕೊಡ್ತೀನಿ," ಎಂಬ ಗಡಸು ದನಿ ಕೇಳಿತು. ಗಂಡಸೊಬ್ಬರು ಬಂದಿರಬೇಕೆಂದು ಇನುಕಾಯ್ ತಲೆ ಎತ್ತಿದಳು. ನಿಂತಿದ್ದವರು ಒಗಿನೊನ ತಾಯಿ, ಕೈಯಲ್ಲಿ ಮಗನ ಉಣ್ಣೆಯ ಕಾಲುಚೀಲ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಕೆಳಗಿಳಿದು ಅಲ್ಲೇ ನಿಂತಿತ್ತು. ಬಡಾವಣೆಯ ವೃಂದಗಾನದಲ್ಲಿ ಹೆಂಗಸರ ಸಾಲು ಬಿಟ್ಟು ಗಂಡಸರ ಸಾಲಿನಲ್ಲಿ ಕೂತು ಹಾಡುತ್ತಿದ್ದರು. ಹೊಸದಾಗಿ ಬಂದ ನಿರ್ದೇಶಕರು, ಆ ಸಾಲು ಗಂಡಸರದ್ದೆಂದು ಅವರನ್ನು ಎಬ್ಬಿಸಿದ್ದರು. ಸ್ವರಲಿಪಿಯಲ್ಲಿ ಎಂಟರ ಸುತ್ತ ಆವರಣವಿದೆಯಲ್ಲ, ಯಾರು ಬೇಕಾದರೂ ಹಾಡಬಹುದಲ್ಲ ಎಂದು ಮಗ ಹೇಳಿದ. ತ್ಸುಬೊಮಿಯ ಕೈಪಿಡಿಯಲ್ಲಿ ಹಾಗಿದ್ದರೆ ಕೂರಲಿ ಎಂದರು ನಿರ್ದೇಶಕರು. ಅಭ್ಯಾಸ ಮಂಗಳವಾರ ಸಂಜೆ. ಪ್ರತಿ ಸಲವೂ ನಿರ್ದೇಶಕರು ಅಂತರ್ಜಾಲದಲ್ಲಿ ಆ ಪುಟ ತೆರೆದು ನೋಡುತ್ತಿದ್ದರು.

"ನನಗೆ ಜಾಗ ಬೇಡ, ಮನೇಲೇ ಹಾಡ್ಕೋತೀನಿ ಅಂದಿದ್ದೆ," ಎಂದರು ತಾಯಿ. "ಮನೇಲಿ ಒಬ್ಬಳೇ ಹಾಡಿದ್ರೆ ಅದು ಗಂಡಸಿನ ದನಿ ಥರ ಇರುತ್ತೆ ಅಂತ ಒಂದ್ಸಲ ಅತ್ತುಬಿಟ್ಟಿದ್ದೆ. ಅದೇ ಅವನ ಮನಸ್ಸಲ್ಲಿ ಉಳೀತು ಅಂತ ಕಾಣುತ್ತೆ."

ಇನುಕಾಯ್ ಕಾಲುಚೀಲಗಳನ್ನು ತೆಗೆದುಕೊಂಡು, ನಿಯಮದಂತೆ ಪರೀಕ್ಷಿಸಿ, ಮೊದಲಿದ್ದ ಹಾಗೆಯೇ ಮಡಿಚಿ ಒಳಗೆ ಕಳುಹಿಸಿದಳು.

ಸೋಮವಾರ ಹೇಳಿಕೆಗಳಿಗೆ ಸಹಿ ಪಡೆಯಲು ನಾಗುಮೊ ಸಂಸ್ಥೆಗೆ ಹೋದಾಗ ವ್ಯಾಯಾಮ ನಡೆಯುತ್ತಿತ್ತು. ಹಜಾರದಲ್ಲಿ ಪಿಯಾನೊ ನುಡಿಸುತ್ತಿದ್ದವಳು ಚಿಹಾರು. ಕೈ ಅಷ್ಟು ಪಳಗಿರಲಿಲ್ಲ, ನಡುನಡುವೆ ತಪ್ಪುತ್ತಿದ್ದಳು. ಪಕ್ಕಕ್ಕೆ ಬಾಗುವ ಘಟ್ಟ ಬಂದಾಗ ಅವಳು ಕೈ ನಿಲ್ಲಿಸಿ, ಕಣ್ಣು ಮುಚ್ಚಿ, ಅಂದಾಜಿನ ಮೇಲೆ ಕಾದಳು.

ನಾಗುಮೊ ಕಾಗದಗಳನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತರು.