ಯಮುನಾಳ ಮನೆ ಸರದಿ

ಕೆರಿಯ ದಿನಾ ಬೆಳಿಗ್ಗೆ ಒಂದು ಬೋಗುಣಿ ನೀರು ಕೇಳಿಕೊಂಡು ಬರುತ್ತಿದ್ದ. ಸೈಕಲ್ ಶಾಪಿನವನಿಗೆ ಪಂಕ್ಚರ್ ಹುಡುಕಲು ನೀರು ಬೇಕು, ಅದು ನಿಜ. ಆದರೆ ಅವನ ಅಂಗಡಿಯ ಎದುರಿಗೇ ಚಹಾದ ಹೋಟೆಲಿತ್ತು, ಪಕ್ಕದಲ್ಲೇ ಕ್ಷೌರದ ಅಂಗಡಿಯಿತ್ತು. ಎರಡನ್ನೂ ದಾಟಿ ಕೇರಿಯ ಕೊನೆಯಲ್ಲಿದ್ದ ಯಮುನಾಳ ಅವಲಕ್ಕಿ ಅಂಗಡಿಗೇ ಯಾಕೆ ಬರುತ್ತಾನೆ ಎಂಬುದು ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು ಅನ್ನಿ. ಗೊತ್ತಿಲ್ಲದ ಹಾಗೆ ಇರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

"ನಿನ್ನೆ ಕೊಟ್ಟ ನೀರು ಎಂತಾಯ್ತು?"

"ಸೈಕಲ್ ಕುಡೀತು."

"ಇವತ್ತಿಂದು?"

"ಅರ್ಧ ಸೈಕಲ್ಲಿಗೆ. ಇನ್ನರ್ಧ ನಾನೇ ಕುಡೀತೀನಿ. ನೀ ಕೊಟ್ಟಿದ್ದಲ್ವನೆ."

ಅವಳು ಬೋಗುಣಿ ಚಾಚಿದಳು. ಅವನು ಅಂಚನ್ನು ಹಿಡಿದು ಬೇಕೆಂದೇ ತಡ ಮಾಡಿದ. ಅವನ ಉಗುರಿನ ಸುತ್ತ ಗ್ರೀಸಿನ ಕಪ್ಪು, ಅವಳ ಬೆರಳ ತುಂಬ ಭತ್ತದ ಹೊಟ್ಟು. ಯಮುನಾ ಕಣ್ಣೆತ್ತಿದಳು, ಅವನು ನೋಡುತ್ತಲೇ ಇದ್ದ, ಅವಳು ಕಣ್ಣಿಳಿಸಿದಳು. ಆಗ ಬೋಗುಣಿಯ ನೀರು ತುಳುಕಿದ್ದು ಕಂಡು ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

ಅವಳಿಗೆ ನೀರೆಂದರೆ ಭಯ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಊರು ಮುಳುಗಿದ ವರ್ಷ, ಹಳೇ ಮನೆಯ ಬಾಗಿಲ ಚೌಕಟ್ಟು ಬಿಚ್ಚಿಕೊಂಡು ಬರುತ್ತೇನೆಂದು ದೋಣಿ ಹತ್ತಿದ ಅಪ್ಪ ವಾಪಸು ಬರಲಿಲ್ಲ. ದಂಡೆಯ ಮೇಲೆ ಸಂಜೆಯವರೆಗೆ ಕಾದವಳು ಇವಳು. ಆಮೇಲೆ ಊರವರೆಲ್ಲ ಸಾಮಾನಿನ ಜೊತೆ ಲಾರಿ ಹತ್ತಿ, ಹೊಸನಗರದ ಹೊರಗಿನ ಈ ಗುಡ್ಡದ ಬದಿಗೆ ಬಂದು ಇಳಿದರು. ಗದ್ದೆ ಕೊಡುತ್ತೇವೆ ಎಂದವರು ಇನ್ನೂ ಕೊಟ್ಟಿರಲಿಲ್ಲ. ಹೊಟ್ಟೆ ಕೇಳಬೇಕಲ್ಲ, ರಸ್ತೆ ಬದಿಯಲ್ಲಿ ಒಬ್ಬೊಬ್ಬರಾಗಿ ಅಂಗಡಿ ಹಾಕಿದರು. ಪೇಟೆಯವರು ಇದಕ್ಕೆ ಮುಳುಗಡೆ ಕೇರಿ ಎಂದು ಹೆಸರಿಟ್ಟರು. ಹೆಸರಿಟ್ಟವರೇ ಬಂದು ಅವಲಕ್ಕಿ ಕೊಂಡು ಹೋಗುತ್ತಿದ್ದರು.

ಹೋದ ದೀಪಾವಳಿಯಲ್ಲಿ ಕೆರಿಯ ಅವಳ ತಾಯಿ ಬೆಳ್ಳಮ್ಮನ ಹತ್ತಿರ ಮದುವೆಯ ಮಾತೆತ್ತಿದ್ದ. ಯಮುನಾ ಬ್ಯಾಡ ಎಂದಿದ್ದಳು. ಕಾರಣ ಹೇಳಲಿಲ್ಲ. ಮತ್ತೊಬ್ಬರಿಗಾಗಿ ಹಾಗೆ ಕಾಯುವ ಶಕ್ತಿ ತನಗಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಹೇಗೆ?

ಆ ಬೇಸಿಗೆ ಕೆಳಗಿನ ಹಳ್ಳ ಬತ್ತಿತು. ಭತ್ತ ನೆನೆಹಾಕಲು ನೀರಿಲ್ಲ, ಚಹಾಕ್ಕೆ ನೀರಿಲ್ಲ. ಹೋಟೆಲಿನ ಮಂಜುನಾಥಪ್ಪ ಎಲ್ಲರನ್ನೂ ಕೂಡಿಸಿದ.

"ಸರ್ಕಾರದ ಬಾವಿ ಕಾಯ್ತಾ ಕೂತ್ರೆ ಅಂಗಡಿ ಮುಚ್ಚಿ ಕೂಲಿಗೆ ಹೋಗ್ಬೇಕಾಗ್ತದೆ. ಮುಯ್ಯಾಳಲ್ಲಿ ನಾವೇ ತೋಡನ."

ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು ಎನ್ನುವ ಮುಯ್ಯಾಳು ಅವರಿಗೆ ಗದ್ದೆಯ ಕಾಲದಿಂದ ಬಂದದ್ದು. ದಿನಕ್ಕೊಂದು ಮನೆ ಸರದಿ. ಆ ಮನೆಯವನು ಕೆಳಗಿಳಿದು ಅಗೆಯಬೇಕು, ಉಳಿದವರು ಮೇಲೆ ನಿಂತು ಮಣ್ಣು ಎಳೆಯಬೇಕು. ಸರದಿ ಮುಗಿಸದ ಮನೆಗೆ ನೀರಿಲ್ಲ. ಒಂದು ಮನೆಯ ಸರದಿಗೆ ಬೇರೆಯವನು ಇಳಿದನೋ, ಅವನನ್ನು ಆ ಮನೆಯವನೆಂದೇ ಲೆಕ್ಕ ಹಾಕುವುದು ರೂಢಿ.

ಬೆಳ್ಳಮ್ಮನ ಮನೆಯಲ್ಲಿ ಗಂಡಸರಿಲ್ಲ. ಅವಳನ್ನು ಬಿಟ್ಟುಬಿಡನ ಎಂದರು. ಪುಕ್ಕಟೆ ನೀರು ನನಗೆ ಬ್ಯಾಡ ಎಂದು ಬೆಳ್ಳಮ್ಮ ಹಟ ಹಿಡಿದಳು. ಹಿಂದಿನ ಸಾಲಿನಿಂದ ಕೆರಿಯ ಎದ್ದು ನಿಂತ. "ಅವರ ಸರದಿಗೆ ನಾನು ಇಳೀತೀನಿ."

ಹೆಂಗಸರೆಲ್ಲ ಯಮುನಾಳ ಕಡೆ ನೋಡಿ ನಕ್ಕರು. ಅವಳ ಮುಖ ಬಿಳಿಚಿಕೊಂಡಿತ್ತು.

"ನೀನು ಬ್ಯಾಡ," ಎಂದಳು. "ಅಂಗಡಿ ಮುಚ್ಚಿದ್ರೂ ಅಡ್ಡಿಲ್ಲ. ನೀನು ಇಳೀಬ್ಯಾಡ."

ಎಲ್ಲರೆದುರು ಹಾಗೆ ಹೇಳಿದರೆ ಯಾರಿಗಾದರೂ ಏನನಿಸುತ್ತದೆ? ಕೆರಿಯ ತಲೆ ತಗ್ಗಿಸಿ ಹೊರಟುಹೋದ. ಮರುದಿನ ನೀರು ಕೇಳಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಯಮುನಾ ಒನಕೆ ಹಿಡಿದುಕೊಂಡು ರಸ್ತೆ ನೋಡುತ್ತಿದ್ದಳು. ಬಾವಿಯ ಕಡೆಯಿಂದ ರಾಟೆಯ ಸದ್ದು ಬರುತ್ತಿತ್ತು. ಅದು ನಿಂತರೆ ಅವಳ ಒನಕೆಯೂ ನಿಲ್ಲುತ್ತಿತ್ತು.

ಒಂದು ದಿನ ಬೆಳ್ಳಮ್ಮ ಅಕ್ಕಿರೊಟ್ಟಿ ತಟ್ಟುತ್ತ ಹೋದಳು. ಇಬ್ಬರಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಆಯಿತು. ಅದನ್ನು ಬಾಳೆಲೆಯಲ್ಲಿ ಸುತ್ತಿ, ಮೇಲೊಂದು ಬಟ್ಟೆ ಕಟ್ಟಿದಳು.

"ಯಾರಿಗವ್ವಾ ಇದು?"

ಬೆಳ್ಳಮ್ಮ ಗಂಟು ಬಿಗಿದಳು. ಸರದಿಯ ಮನೆಯವರೇ ಇಳಿದವನಿಗೆ ಊಟ ಕೊಡಬೇಕು. ಯಮುನಾಳಿಗೆ ತಟ್ಟನೆ ಹೊಳೆಯಿತು.

"ಅವ್ವಾ, ಇವತ್ತು ನಮ್ಮನೆ ಸರದಿಯಾ? ಯಾರು ಇಳಿದಾರೆ?"

"ನಿಂಗೆ ಹೇಳ್ಬ್ಯಾಡಿ ಅಂದಿದ್ದ ಕಣೆ."

ಅವಳು ಬಾವಿಯ ಕಡೆ ಓಡಿದಳು. ರಾಟೆಯ ಸದ್ದು ಕೇಳುತ್ತಿರಲಿಲ್ಲ, ಮಾತಿನ ಸದ್ದೂ ಇರಲಿಲ್ಲ. ಗಂಡಸರೆಲ್ಲ ಬಾವಿಯ ಸುತ್ತ ಬಾಗಿ ನಿಂತಿದ್ದರು. ಅವಳಿಗೆ ದಂಡೆಯ ಸಂಜೆ ನೆನಪಾಯಿತು.

"ಮಣ್ಣು ಜರೀತು," ಎಂದ ಮಂಜುನಾಥಪ್ಪ. "ನಮ್ಮ ಹಳೇ ಊರಲ್ಲಿ ಮೇಲೆ ಮೆತ್ತಗೆ, ಕೆಳಗೆ ಹೋದಂಗೆ ಗಟ್ಟಿ. ಇಲ್ಲಿ ಮೇಲೆಲ್ಲ ಗಟ್ಟಿ ಕಲ್ಲು ಸಿಕ್ತು, ಇನ್ನು ಹೆದರಿಕೆ ಇಲ್ಲ ಅಂದ್ಕಂಡ್ವಿ. ಕೆಳಗೆ ಬೆಣ್ಣೆಯಂಥ ಬಿಳಿ ಮಣ್ಣು. ಸೊಂಟದ ತನಕ ಹೂತು ಹೋಗಿದಾನೆ. ನೀರೂ ಜಿನುಗ್ತಾ ಇದೆ."

"ಎಳೀರಿ ಮತ್ತೆ!"

"ಎಳೆದ್ರೆ ಸೊಂಟ ಮುರೀತದೆ. ಸುತ್ತಲ ಮಣ್ಣು ಬಿಡಿಸ್ಬೇಕು. ನಮ್ಮಂಥವರು ಇಳಿದ್ರೆ ಭಾರಕ್ಕೆ ಇನ್ನಷ್ಟು ಜರೀತದೆ."

ಯಮುನಾ ಬಗ್ಗಿ ನೋಡಿದಳು. ಕತ್ತಲೆಯ ತಳದಲ್ಲಿ ಅವನ ತಲೆ ಕಾಣಿಸಿತು. ಅವನ ಸುತ್ತ ನೀರು ಮಿಣುಕುತ್ತಿತ್ತು. ಅವಳು ಹಿಂದೆ ಸರಿದು ರಾಟೆಯ ಕಂಬ ಹಿಡಿದಳು. ಓಡಿಹೋಗಬೇಕೆನಿಸಿತು, ದೇವರಾಣೆಗೂ ಓಡಿಹೋಗಬೇಕೆನಿಸಿತು.

"ಹಗ್ಗ ಕೊಡಿ," ಎಂದಳು. "ನಾನು ಹಗುರ ಇದೀನಿ. ನಮ್ಮನೆ ಸರದಿ ತಾನೆ."

ಇಳಿಯುವಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತಣ್ಣನೆಯ ನೀರು ಪಾದಕ್ಕೆ ತಾಗಿದಾಗ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ನೀ ಯಾಕೆ ಬಂದೆ ಮಾರಾಯ್ತಿ?" ಕೆರಿಯನ ತುಟಿ ನೀಲಿಗಟ್ಟಿತ್ತು. "ಹತ್ತು ಮೇಲೆ."

ಅವಳು ಎರಡೂ ಕೈಯಲ್ಲಿ ಮಣ್ಣು ಬಗೆದು ಬುಟ್ಟಿಗೆ ತುಂಬಿದಳು. ಬುಟ್ಟಿ ಮೇಲೆ ಹೋಯಿತು, ಖಾಲಿಯಾಗಿ ಬಂತು. ಗೋಡೆಯಿಂದ ಒಂದು ಹೆಂಟೆ ಜಾರಿ ಅವಳ ಹೆಗಲಿಗೆ ಬಿತ್ತು. ಇಬ್ಬರೂ ಅಲುಗಾಡದೆ ಮೇಲಕ್ಕೆ ನೋಡಿದರು. ಮತ್ತೇನೂ ಬೀಳಲಿಲ್ಲ.

"ನಾ ಬ್ಯಾಡ ಅಂದವಳು ನೀನು," ಎಂದ ಅವನು.

"ನಿನ್ನನ್ನ ಬ್ಯಾಡ ಅನ್ಲಿಲ್ಲ." ಅವಳು ಬಗೆಯುತ್ತಲೇ ಇದ್ದಳು, ಕಣ್ಣೀರು ಮಣ್ಣಿಗೆ ಬೀಳುತ್ತಿತ್ತು. "ನೀನೂ ಅಪ್ಪನ ಹಾಗೆ ವಾಪಸ್ ಬರದಿದ್ರೆ ಅಂತ ಹೆದರಿಕೆ. ನೀ ನೀರಿಗೆ ಬರದಿದ್ದ ದಿನದಿಂದ ನಂಗೆ ಊಟ ಸೇರ್ಲಿಲ್ಲ. ನಿನ್ನ ಮೇಲೆ ಅಷ್ಟು ಜೀವ ಇಟ್ಕಂಡೀನಿ. ಅದಕ್ಕೇ ಹೆದರಿಕೆ."

ಕೆರಿಯ ಕೆಸರಾದ ಕೈಯಲ್ಲಿ ಅವಳ ಕೆನ್ನೆ ಒರೆಸಲು ಹೋಗಿ ಅದನ್ನೂ ಕೆಸರು ಮಾಡಿದ.

"ಮುಂಚೇನೇ ಹೇಳಿದ್ರೆ ಇಷ್ಟು ಕೆಳಗೆ ಬರೋ ಕೆಲಸ ಇರ್ಲಿಲ್ಲ ನೋಡು," ಎಂದ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

ಕೊನೆಗೆ ಅವನ ಮೊಣಕಾಲು ಬಿಡಿಸಿಕೊಂಡಿತು. ಯಮುನಾ ಹಗ್ಗವನ್ನು ಇಬ್ಬರಿಗೂ ಸೇರಿಸಿ ಕಟ್ಟಿ, ಎಳೀರಿ ಎಂದು ಕೂಗಿದಳು. ಕೇರಿಯ ಗಂಡಸರು ಹೆಂಗಸರೆಲ್ಲ ಹಗ್ಗಕ್ಕೆ ಕೈ ಹಾಕಿದರು. ಇವರ ಕಾಲು ತಳ ಬಿಟ್ಟ ಸ್ವಲ್ಪ ಹೊತ್ತಿಗೆ ಒಂದು ಪಕ್ಕದ ಮಣ್ಣೆಲ್ಲ ದಬಾಲನೆ ಕುಸಿಯಿತು.

ಮೇಲೆ ಬಂದು ಬಿದ್ದ ಕೆರಿಯನಿಗೆ ಎದ್ದು ನಿಲ್ಲಲಾಗಲಿಲ್ಲ, ಒಂದು ಕಾಲು ಊದಿತ್ತು. ಬೆಳ್ಳಮ್ಮ ಇಬ್ಬರನ್ನೂ ಬೈಯುತ್ತ ಅಳುತ್ತಿದ್ದಳು. ಎಲ್ಲರಿಗೂ ಉಸಿರು ಬರಲು ಬಹಳ ಹೊತ್ತು ಬೇಕಾಯಿತು.

"ಮೊದ್ಲು ಸುತ್ತ ಕಲ್ಲು ಕಟ್ಟನ," ಎಂದ ಮಂಜುನಾಥಪ್ಪ. "ನೀರಂತೂ ಸಿಕ್ತು, ಆ ಜರಿದ ಮಣ್ಣು ಆಮೇಲೆ ಎತ್ತನ. ಮುಂದಿನ ಸರದಿ ಕೆರಿಯಂದಿತ್ತು. ಒಂಟಿ ಮನೆ, ಕಾಲು ಬೇರೆ ಹಿಂಗಾಗಿದೆ. ಅವನ ಮನೆ ಬಿಟ್ಟುಬಿಡನ."

"ಬಿಡಬ್ಯಾಡಿ," ಎಂದಳು ಯಮುನಾ. "ಆ ಮನೆಯಿಂದ ನಾನು ಇಳೀತೀನಿ."

ಇಳಿದವರು ಆ ಮನೆಯವರೆಂಬ ರೂಢಿ ನೆನಪಾಗಿ ಎಲ್ಲರೂ ಅವಳತ್ತ ತಿರುಗಿದರು. ಬೆಳ್ಳಮ್ಮನ ಅಳು ನಿಂತಿತು. ಯಮುನಾಳ ಮೊಣಕಾಲು ಇನ್ನೂ ಗಡಗಡ ನಡುಗುತ್ತಿತ್ತು, ಹೇಳಿದ್ದನ್ನು ಮಾತ್ರ ಅವಳು ವಾಪಸು ತೆಗೆದುಕೊಳ್ಳಲಿಲ್ಲ.

ಕೆರಿಯ ನೆಲದ ಮೇಲೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದ.

"ಕೂತ್ಕ ಬಾ," ಎಂದ ಮೆಲ್ಲಗೆ. "ಬೀಳ್ತೀಯ."